ಸಂದಿ

ಪುಸ್ತಕದ ಬೆಲೆ ಹನ್ನೊಂದು ನೂರು.
ಹಾಗಾಗಿ ಮೂವತ್ತೆರಡು ಪುಟ ಜೆರಾಕ್ಸ್.
ಸಂಪಿಗೆ ರಸ್ತೆಯ ಅಂಗಡಿಯವನ ಶಾಯಿ ಮುಗಿಯುತ್ತಿತ್ತೋ ಏನೋ,
ಕಪ್ಪು ಹೊಗೆ ಬೂದಿಗೆ ತಿರುಗಿ
ಚಿಮಣಿಯ ಮೇಲೆ ಮಾಮೂಲಿ ಮೋಡದ ಹಾಗೆ ನಿಂತಿದೆ.

ಎರಡನೆಯ ಬಿ.ಎ., ಮಧ್ಯಾಹ್ನದ ಮೊದಲ ಪೀರಿಯಡ್ಡು,
ಡಬ್ಬಿಗಳ ಹುಳಿವಾಸನೆ ಇನ್ನೂ ಇಳಿದಿಲ್ಲ.
ಕಿಟಕಿಯಾಚೆ ಆಗಾಗ ಮೆಟ್ರೊ ಹಾಯುತ್ತದೆ,
ಅಷ್ಟು ಹೊತ್ತು ನಾನು ಬಾಯಿ ಮುಚ್ಚುತ್ತೇನೆ.

ಮೊಮ್ಮಗಳು ಬರೆದ ಚಿತ್ರಕಥೆ.
ಅಜ್ಜ ಪೋಲೆಂಡಿನವನು, ಗಡಿಯಾರ ರಿಪೇರಿ ಕಸುಬು,
ಕ್ಯಾಂಪಿನಿಂದ ಬದುಕಿ ಬಂದವನು.
ಯಾರ ಮುಖವನ್ನೂ ಅವಳು ಬರೆದಿಲ್ಲ. ಬರೀ ಕೈ.
ರೊಟ್ಟಿ ಮುರಿಯುವ ಕೈ.
ಮುಂಗೈಯ ನೀಲಿ ಅಂಕಿಯನ್ನು ಉಜ್ಜುವ ಕೈ.
ಐವತ್ತು ವರ್ಷದ ಮೇಲೂ ಹೋಟೆಲಿನ ಸಕ್ಕರೆ ಪೊಟ್ಟಣ
ಕೋಟಿನ ಜೇಬಿಗಿಳಿಸುವ ಕೈ.
"ನಮ್ಮ ದೊಡ್ಡಮ್ಮನೂ ಹಿಂಗೇ ಸರ್" ಅಂದ ಲೋಹಿತಾಶ್ವ.
ಎಲ್ಲರೂ ನಕ್ಕರು, ನಾನೂ ನಕ್ಕೆ.
ಅಜ್ಜನೂ ನಕ್ಕಿರಬಹುದು, ಮುಖ ಇಲ್ಲವಲ್ಲ.

ಅರವತ್ತೊಂದನೆಯ ಪುಟ.
ಮೊದಲ ಚೌಕದಲ್ಲಿ ಅಜ್ಜನ ಕೈಯೊಳಗೆ ತಂಗಿಯ ಕೈ, ಹಿಂದೆ ರೈಲು.
ಎರಡನೆಯದರಲ್ಲಿ ಅಜ್ಜನ ಕೈ.

"ನಡುವೆ ಒಂದು ಚಿತ್ರ ಹೋಗಿದೆ ಸರ್,
ಜೆರಾಕ್ಸಿನವನು ನುಂಗಿದಾನೆ" ಫರ್ಹೀನಳ ದೂರು.
ಇಲ್ಲ, ಅವಳು ಬಿಟ್ಟಿದ್ದೇ ಹಾಗೆ.
ಚೌಕಕ್ಕೂ ಚೌಕಕ್ಕೂ ನಡುವಿನ ಈ ಬಿಳಿಗೆ
ಇಂಗ್ಲಿಷಿನವರು ಚರಂಡಿ ಅನ್ನುತ್ತಾರೆ.
ಯಾರೋ ಮೂಗು ಮುಚ್ಚಿದರು.
ಕನ್ನಡದಲ್ಲಿ? ತಡಕಾಡಿದೆ.
ಸಂದು. ಸಂದಿ. ಸಂದಿ ಅನ್ನೋಣ.
ಬೋರ್ಡಿನ ಮೇಲೆ ಬರೆದೆ.

"ಪರೀಕ್ಷೆಗೆ ಬರುತ್ತಾ ಸರ್?"
ಬರುತ್ತೆ. ಐದು ಮಾರ್ಕಿಗೆ.

ಆಗ ಕೊನೆಯ ಬೆಂಚಿನಿಂದ ಕಯಲ್‌ವಿಳಿ,
ಹಾಜರಿಗೆ ಮಾತ್ರ ದನಿ ತೆಗೆಯುವವಳು:
"ನಮ್ಮ ಪಾಟಿ ಸಂದಿಯಲ್ಲಿ ನಿಂತಿದ್ರು ಸರ್.
ಶ್ರೀರಾಮಪುರದಲ್ಲಿ, ಎರಡು ಮನೆ ಗೋಡೆ ಮಧ್ಯ,
ಅಡ್ಡ ತಿರುಗಿದ್ರೆ ಮಾತ್ರ ಹಿಡಿಸೋ ಜಾಗ.
ತೊಂಬತ್ತೊಂದು. ಕಾವೇರಿ ಗಲಾಟೆ.
ತಾತನ ಟೈಲರ್ ಅಂಗಡಿ ಬೋರ್ಡು ತಮಿಳಲ್ಲಿತ್ತು.
ರಾತ್ರಿ ಪೂರ್ತಿ ನಿಂತಿದ್ರಂತೆ,
ಅಳಬಾರದು ಅಂತ ಅಮ್ಮನ ಬಾಯಿಗೆ ಸೆರಗು ತುರುಕಿ.
ಬೆಳಗ್ಗೆ ಏನಾಯ್ತು ಅಂದ್ರೆ, ಟೀ ಕುಡಿದ್ವಿ ಅಂತಾರೆ.
ಮಧ್ಯದ್ದು ಹೇಳಲ್ಲ."

ಮೆಟ್ರೊ ಹೋಯಿತು.
ಎರಡೂ ಒಂದೇ ಅಲ್ಲಮ್ಮ, ಅಂದೆ, ಮೇಷ್ಟರ ದನಿಯಲ್ಲಿ.
ಅಲ್ಲಿ ಒಂದು ಸರ್ಕಾರವೇ ಕೂತು, ಪಟ್ಟಿ ಮಾಡಿ, ರೈಲಿಗೆ ವೇಳೆ ಗೊತ್ತುಮಾಡಿ,
ಅರವತ್ತು ಲಕ್ಷ ಜನರನ್ನು...
"ನಾನು ಹೋಲಿಸಲಿಲ್ಲ ಸರ್.
ಸಂದಿ ಅಂದ್ರಲ್ಲ, ಅದಕ್ಕೆ ಹೇಳಿದೆ."

ಅವಳ ಕನ್ನಡದಲ್ಲಿ ಒಂದು ಸುಕ್ಕೂ ಇಲ್ಲ.
ಇಸ್ತ್ರಿ ಹಾಕಿದಂತಿದೆ.
ಯಾರು ಹಾಕಿದರೋ, ಎಷ್ಟು ಕಾದ ಪೆಟ್ಟಿಗೆಯಿಂದಲೋ.

ತೊಂಬತ್ತೊಂದರಲ್ಲಿ ನನಗೆ ಹತ್ತು.
ನಮ್ಮ ಮನೆ ರಾಜಾಜಿನಗರ, ಅಲ್ಲಿಂದ ನಡೆದು ಹೋಗುವಷ್ಟು.
ಶಾಲೆಗೆ ರಜೆ ಸಿಕ್ಕಿತ್ತು.
ಬಸ್ಸಿಲ್ಲದ ರಸ್ತೆಯ ನಟ್ಟನಡುವೆ ವಿಕೆಟ್ಟು ನೆಟ್ಟು
ನಲವತ್ತಮೂರು ರನ್ ಹೊಡೆದೆ, ಔಟಾಗಲಿಲ್ಲ.
ಟೈರು ಸುಟ್ಟ ಹೊಗೆಗೆ ಬಾಲು ಕಾಣಿಸದೆ
ರೇಗಿದ್ದು ನೆನಪಿದೆ.
ಸಂಕ್ರಾಂತಿಗೆಂದು ಹೊಲಿಯಲು ಕೊಟ್ಟ ನನ್ನ ಅಂಗಿಯ ಬಟ್ಟೆ
ಶ್ರೀರಾಮಪುರದಿಂದ ವಾಪಸು ಬರಲಿಲ್ಲ.
ಅಮ್ಮ ಯುಗಾದಿಯವರೆಗೂ ಗೊಣಗಿದಳು,
ಬಟ್ಟೆಗೆ.

ಇದನ್ನು ತರಗತಿಯಲ್ಲಿ ಹೇಳಲಿಲ್ಲ.
ಎಲ್ಲರೂ ಮನೆಯಿಂದ ಒಂದು ಪುಟ ಬರೆದು ತನ್ನಿ,
ಎರಡು ಚೌಕ ಸಾಕು, ಅಂದು ಬೆಲ್ಲಿಗೆ ಮೊದಲೇ ಬಿಟ್ಟೆ.

ಕಯಲ್‌ವಿಳಿಯ ಹಾಳೆ ನನ್ನ ಮೇಜಿನ ಮೇಲಿದೆ.
ಒಂದು ಚೌಕದಲ್ಲಿ ಕತ್ತರಿ ಹಿಡಿದ ಕೈ, ಚೌಕುಳಿಯ ಬಟ್ಟೆ.
ಇನ್ನೊಂದರಲ್ಲಿ ಟೀ ಲೋಟ.
ನಡುವೆ ಸ್ಕೇಲಿಟ್ಟು ಬಿಟ್ಟ ಜಾಗ.
ನನ್ನದು ಚೌಕುಳಿಯಾಗಿತ್ತೋ ಗೆರೆಯದೋ
ಕೇಳಲು ಅಮ್ಮ ಇಲ್ಲ.
ಐದಕ್ಕೆ ಎಷ್ಟು ಎಂದು ಇನ್ನೂ ಹಾಕಿಲ್ಲ.