ಎಂಟನೇ ಪೆಟ್ಟಿಗೆ

ಬರಗೂರು ಮಲೆಯ ನೆತ್ತಿಯಲ್ಲಿ, ಲಾರಿಗಳು
ಕೊನೆಯ ತಿರುವು ಮುಗಿಸಿ ನಿಟ್ಟುಸಿರು ಬಿಡುವ ಕಡೆ,
ತಗಡಿನ ಶೆಡ್ಡು. ಒಳಗೆ ಇಪ್ಪತ್ತೊಂದು ಪೆಟ್ಟಿಗೆ.
ಕಾವಲು ನಾನು.
ಏನು ಕಾಯುತ್ತೀ ಎಂದು ಅಂದಿಯೂರಿನ ಭಾವ ಫೋನಿನಲ್ಲಿ ಕೇಳಿದರೆ
ಬೆಟ್ಟ, ಅನ್ನುತ್ತೇನೆ. ನಗುತ್ತಾನೆ.

ನಿಜಕ್ಕೂ ಬೆಟ್ಟವೇ. ಮಲಗಿಸಿಟ್ಟಿದ್ದಾರೆ:
ಮಣಿಕಟ್ಟಿನ ದಪ್ಪದ ಕಲ್ಲಿನ ಕೋಲುಗಳು, ಪೆಟ್ಟಿಗೆಗೆ ಐದು ಸಾಲು,
ತಲೆ ಯಾವ ಕಡೆ ಎಂದು ಮರೆಯದಿರಲು
ಬಿಳಿ ಬಣ್ಣದಲ್ಲಿ ಒಂದೊಂದು ಬಾಣ.

ಮೂರು ತಿಂಗಳು ಕೊರೆಯಿತು ಯಂತ್ರ.
ಹಲ್ಲು ವಜ್ರದ್ದಂತೆ; ನಾನು ಕಂಡಿದ್ದು ಅದರ ದಾಹ ಮಾತ್ರ,
ದಿನಕ್ಕೆ ಎರಡು ಟ್ಯಾಂಕರು.
ಶಿವರಾತ್ರಿ ಕಳೆದ ಬಿಸಿಲು. ಕಾಡಂಚಿನ ಪಟ್ಟಿಯಿಂದ ಇಳಿದ ಕೆಂಪು ದನಗಳು,
ಸುಣ್ಣದ ಕೈ ಒದರಿದಂಥ ಮಚ್ಚೆಯವು,
ಪೈಪಿನ ಕೀಲು ನೆಕ್ಕುತ್ತ ನಿಂತುಬಿಟ್ಟವು.
ಜಡೆಯಪ್ಪ ಕೋಲೆತ್ತಿದರೂ ಕದಲಲಿಲ್ಲ.
ದನಕ್ಕೆ ಕನ್ನಡದಲ್ಲಿ ಬೈದ, ಡ್ರೈವರಿಗೆ ತಮಿಳಿನಲ್ಲಿ.

ಇಲ್ಲಿ ಎಲ್ಲಕ್ಕೂ ಎರಡು ಇಳಿಜಾರು.
ಈ ಸೂರಿನಿಂದ ಬಡಗಲಿಗೆ ಜಾರಿದ ಹನಿ
ಪಾಲಾರು ಸೇರುತ್ತದೆ, ಆಚೆ ದಡದಲ್ಲಿ ಮಾದಪ್ಪನ ಏಳುಮಲೆ;
ತೆಂಕಲಿಗೆ ಜಾರಿದ್ದು ಭವಾನಿಗೆ.
ಕೊನೆಗೆ ಕಾವೇರಿಯಲ್ಲಿ ಎದುರಾದಾಗ
ಏನು ಮಾತಾಡಿಕೊಳ್ಳುತ್ತವೋ, ಯಾವ ಭಾಷೆಯಲ್ಲೋ.

ಇಳಂಗೋವನ್ ಸಾರ್ ಬಗ್ಗಿ ಬಗ್ಗಿ ನೋಡಿ ಬರೆದರು.
ನಾನೂ ಬರೆದೆ, ಹಾಜರಿ ಪುಸ್ತಕದ ಹಿಂಬದಿಗೆ, ನನಗೆ ತಿಳಿದಷ್ಟು:
ಒಂದು: ಕೆಂಪು ಮಣ್ಣು, ಹಂಚಿಹುಲ್ಲಿನ ಬೇರು, ಸತ್ತ ಗೊದ್ದ.
ಎರಡು, ಮೂರು: ಬೆಲ್ಲದ ಹಾಗೆ ಉದುರುವ ಕಲ್ಲು.
ನಾಲ್ಕರಿಂದ ಏಳು: ಕರಿಕಲ್ಲು, ಎಣ್ಣೆ ಸವರಿದಂತೆ.
ಇದಕ್ಕೇ ಅವರು ಬಂದದ್ದು.
ಸಾರ್ ಒದ್ದೆ ಬಟ್ಟೆಯಲ್ಲಿ ಒರೆಸಿ
ನನಗೆ ನನ್ನ ಮುಖ ತೋರಿಸಿದರು.
ಯಾರದೋ ಅಡುಗೆಕಟ್ಟೆ, ಯಾರದೋ ಗೋರಿ,
ಅದರೊಳಗಿಂದ ನಾನು ಇಣುಕುತ್ತಿದ್ದೆ.

ಎಂಟು: ಚೂರು.
ಬರೀ ಚೂರು, ತುಕ್ಕಿನ ಬಣ್ಣ. ನಡುವೆ ಒಂದೂವರೆ ಅಡಿ ಖಾಲಿ.
ಖಾಲಿಯ ಪಕ್ಕ ಮರದ ತುಂಡು, ಅದರ ಮೇಲೆ ಬರಹ:
ನೂರ ಹದಿನೆಂಟನೇ ಅಡಿ, ಕಲ್ಲು ಸಿಕ್ಕಿಲ್ಲ.
ಸಾರ್ ಲೊಚಗುಟ್ಟಿದರು. ವೇಸ್ಟು.

ಕೆಂಪಮಾದಿ ಕಲ್ಲುಹೂವಿನ ಮೂಟೆ ಇಳಿಸಿ ನೆರಳಿಗೆ ಬಂದಳು,
ಸೊಸೈಟಿ ತೆರೆಯುವುದು ಹನ್ನೊಂದಕ್ಕೆ.
ಬಂಡೆಯ ಮೈ ಕೆರೆದು ಬದುಕುವವಳು;
ಅದರ ಒಳಗನ್ನು ನೋಡಿದ್ದು ಇದೇ ಮೊದಲು.
ಒಂದೊಂದೇ ಪೆಟ್ಟಿಗೆ ದಾಟಿದಳು
ಆಸ್ಪತ್ರೆಯಲ್ಲಿ ಹೆಣ ಗುರುತಿಸಲು ಬಂದವಳ ಹಾಗೆ.
ಎಂಟರ ಬಳಿ ಕೂತಳು. ತುಕ್ಕಿನ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿದಳು.
“ಇದು ನಮ್ಮ ಗೆಜ್ಜಲಳ್ಳದ ಊಟೆ ಕನಪ್ಪ.
ಯುಗಾದಿ ಬಿಸಿಲಲ್ಲೂ ಬತ್ತಕಿಲ್ಲ. ಅದೇ ರುಚಿ.”
ಆಮೇಲೆ ಖಾಲಿ ಜಾಗದಲ್ಲಿ ಬೆರಳಿಟ್ಟು,
“ನಡೆಯೋದು ಇಲ್ಲಿ. ನಿಮ್ ಮಿಸನ್ನು ಹಿಡಿಯಕ್ಕೋಯ್ತು,
ಕೈಗೆ ಸಿಕ್ಕಿಲ್ಲ.”

ವರದಿ ಹೋಯಿತು, ಚೆನ್ನೈಗೋ ಎಲ್ಲಿಗೋ. ಉತ್ತರ ಬಂದಿಲ್ಲ.
ಕೊರೆದ ತೂತಿಗೆ ಕಬ್ಬಿಣದ ಮುಚ್ಚಳ ಇತ್ತು,
ಯಾರೋ ಗುಜರಿಗೆ ಹಾಕಿದರು.
ಜಡೆಯಪ್ಪನ ಮೊಮ್ಮಗ ಹರಳು ಬಿಟ್ಟು ಎಣಿಸುತ್ತಾನೆ:
ಒಂದು, ಎರಡು,
ಮೂರು ಅನ್ನುವಷ್ಟರಲ್ಲಿ ಗುಳುಂ.
ಅವನನ್ನು ಗದರಿಸಿ ಓಡಿಸಿದೆ.
ಆಚೀಚೆ ನೋಡಿ ನಾನೂ ಒಂದು ಬಿಟ್ಟೆ.

ಸಂಬಳ ತಿಂಗಳ ಐದಕ್ಕೆ ಬರುತ್ತದೆ, ತಪ್ಪದೆ.
ಇಲಿಗಳು ಪೆಟ್ಟಿಗೆಯ ಮೂಲೆ ಕಡಿಯುತ್ತವೆ, ಒಳಗೆ ತಿನ್ನಲು ಏನೂ ಇಲ್ಲ.
ನಿನ್ನೆ ರಾತ್ರಿ ಮಳೆ ಹೊಡೆಯಿತು. ತಗಡು ಸೋರಿತು,
ಸೋರಿದ್ದೂ ಎಲ್ಲಿ ನೋಡಿ, ಎಂಟನೆಯದರ ಮೇಲೇ.
ಸರಿಸಬೇಕಿತ್ತು. ಅದು ನನ್ನ ಕೆಲಸ.
ಬ್ಯಾಟರಿ ಬಿಟ್ಟು ನೋಡಿದೆ:
ಒಂದೂವರೆ ಅಡಿಯ ಆ ಖಾಲಿಯಲ್ಲಿ
ಬೆರಳು ಮುಳುಗುವಷ್ಟು ನೀರು ನಿಂತಿತ್ತು.