ಉಸಿರೆಳೆದುಕೊಳ್ಳಿ ಅಮ್ಮಾ

ಕಿಸುಮು. ಸೋಮವಾರ. ಬೆಳಗಿನ ಏಳೂಕಾಲು.
ಸರೋವರದ ಕಡೆಯಿಂದ ಒಣಮೀನಿನ ವಾಸನೆ
ಫಿನಾಯಿಲಿನ ಜೊತೆ ಜಗಳವಾಡುತ್ತ ವಾರ್ಡಿಗೆ ಬಂದಿದೆ.
ಮೂವರು ಹೊಸಬರು. ಬಂದು ಎಂಟು ದಿನ,
ಕೋಟು ಇನ್ನೂ ಗಂಜಿಯ ಗರಿಗರಿ.
ಚೆಪ್ಕೆಮೋಯ್, ಸಿಮಿಯು, ಮತ್ತೆ ಮಾತೇ ಆಡದ ಅಪೊಂಡಿ.
ಅವಳ ಜೇಬಿನಲ್ಲಿ ದಿನಾ ನಾಲ್ಕು ಬಣ್ಣದ ಪೆನ್ನು,
ನಾಲ್ಕೂ ಮಧ್ಯಾಹ್ನದೊಳಗೆ ಮಾಯ.

ಇಪ್ಪತ್ತೆರಡು ವರ್ಷದಿಂದ ನಾನು ಹೇಳುವುದು ಒಂದೇ:
ಕಾಗದ ಆಮೇಲೆ. ಮೊದಲು ಮಂಚ.
ನಿಂತು ಮಾತಾಡಬೇಡಿ, ಸ್ಟೂಲು ಎಳೆದುಕೊಳ್ಳಿ.
ಸ್ಟೆತಾಸ್ಕೋಪಿನ ತಟ್ಟೆ ಅಂಗೈಯಲ್ಲಿ ಬೆಚ್ಚಗಾಗಲಿ.
ಉಗುರು ನೋಡಿ. ಚಪ್ಪಲಿ ನೋಡಿ, ಪಟ್ಟಿ ಸಡಿಲಿಸಿದ್ದರೆ
ಪಾದ ಊದಿದ್ದು ಇವತ್ತಲ್ಲ.
ನೋಡಲು ಬಂದವರು ಹಣ್ಣು ತಂದಿದ್ದಾರೋ, ಬರಿಗೈಯೋ,
ಅದನ್ನೂ ಬರೆದುಕೊಳ್ಳಿ; ಗುಳಿಗೆಗೆ ದುಡ್ಡು ಎಲ್ಲಿಂದ ಎಂಬುದೂ
ಔಷಧಶಾಸ್ತ್ರವೇ.

ಸಿಮಿಯು ತಲೆಯಾಡಿಸುತ್ತಾನೆ. ಎಲ್ಲಕ್ಕೂ ಆಡಿಸುತ್ತಾನೆ.
ನಾಡಿ ಹಿಡಿದ ಅವನ ಕೈಯೇ ನಡುಗುತ್ತಿದೆ,
ಎಣಿಸಿದ್ದು ಯಾರ ನಾಡಿಯೋ ದೇವರೇ ಬಲ್ಲ.

ಏಳನೆಯ ಮಂಚ. ಮಾಮಾ ಅವೀನೋ,
ದುಂಗಾ ದಂಡೆಯಲ್ಲಿ ಒಮೆನಾ ಒಣಗಿಸಿ ಮಾರುವವರು.
ಹೊಟ್ಟೆ ತುಂಬು ಬಸುರಿಯದು, ತೋಳು ಕಡ್ಡಿ.
ಲಿವರ್ ಎಂದೆ ನಾನು. ಮೂರು ವಾರದ ಹಿಂದೆಯೇ ಎಂದಿದ್ದೆ.
ಎರಡು ಸಲ ನೀರು ತೆಗೆಸಿದೆ; ಬೀಳ್ಕೊಟ್ಟ ನೆಂಟ
ಬಸ್ಸು ತಪ್ಪಿ ಮರಳಿದಂತೆ ನೀರು ಮತ್ತೆ ಬಂತು.
"ಕುಡಿಯುತ್ತಿದ್ದಿರಾ?" ನಾನೂ ಕೇಳಿದ್ದೆ, ಎಲ್ಲರೂ ಕೇಳಿದ್ದರು.
"ಚಹಾ" ಎಂದಿದ್ದರು. ಯಾರೂ ನಂಬಿರಲಿಲ್ಲ.

ಮುಂದಿನ ಮಂಚಕ್ಕೆ ಹೊರಟೆ. ಅಪೊಂಡಿ ಸ್ಟೂಲು ಬಿಟ್ಟು ಏಳಲಿಲ್ಲ.
ಕಿವಿಯ ಹಿಂದೆ ಬೆವರು. ನೆಲಕ್ಕೆ ಹೇಳಿದ ಹಾಗೆ ಅಂದಳು:
"ಕತ್ತಿನ ನರ, ಡಾಕ್ಟರ್. ಉಸಿರೆಳೆದರೆ ಇಳಿಯಬೇಕಲ್ಲ?
ಇವರದ್ದು ಏರುತ್ತದೆ."
ಯಾವಾಗ ನೋಡಿದೆ?
"ಗುರುವಾರ."

ಗುರುವಾರ. ಶುಕ್ರ, ಶನಿ, ಭಾನು.
ಅಷ್ಟೂ ದಿನ ಒಂದು ನಿಜ ಅವಳ ಬಾಯಲ್ಲಿ
ಬಿಸಿತುಪ್ಪವಾಗಿ ಕೂತಿದೆ.
ಮೇಲೆ ಹಾಕಿದ ಮುಚ್ಚಳ ನನ್ನದೇ:
ಮೊದಲ ದಿನ ಅವಳ ಉತ್ತರಕ್ಕೆ ನಾನು ನಕ್ಕ ನಗು.
ಯಾತಕ್ಕೆ ನಕ್ಕೆನೋ, ಅದೂ ನೆನಪಿಲ್ಲ.

ಬಗ್ಗಿದೆ. ದಿಂಬು ಎತ್ತರಿಸಿ, ಕಿಟಕಿಯ ಓರೆ ಬೆಳಕಿಗೆ.
ಉಸಿರೆಳೆದುಕೊಳ್ಳಿ ಅಮ್ಮಾ.
ದವಡೆಯ ಕೆಳಗೆ, ಬಾವಿಯಲ್ಲಿ ನೀರು ಏರಿದ ಹಾಗೆ,
ಮೆಲ್ಲಗೆ, ನನ್ನ ಮೂರು ವಾರಗಳ ಮೇಲೆ
ಏರಿತು.

ಹೃದಯದ ಸುತ್ತಿನ ಚೀಲ ಗಟ್ಟಿಯಾಗಿರಬೇಕು, ಸುಣ್ಣದ ಗೋಡೆ;
ಕ್ಷಯದ ಹಳೆಯ ಕೆಲಸ ಇದ್ದೀತು. ಎಕೋ ಮಾಡಿಸಬೇಕು.
ಲಿವರ್ ಪಾಪ, ಕಳ್ಳನ ಪಕ್ಕ ನಿಂತು
ಪೆಟ್ಟು ತಿಂದ ಬಡಪಾಯಿ.

"ತಪ್ಪು ನನ್ನದು" ಎಂದೆ. ಆರನೆಯ ಮಂಚಕ್ಕೂ ಕೇಳುವಂತೆ.
ಪಾಠ ಮಾಡಿದೆ ಎಂದುಕೊಳ್ಳಬೇಡಿ; ಗಂಟಲು ಒಣಗಿತ್ತು.
ಚೆಪ್ಕೆಮೋಯ್ ಗೋಡೆಯ ಗಡಿಯಾರ ನೋಡಿದಳು.
ಸಿಮಿಯು, ಮೊದಲ ಸಲ, ತಲೆಯಾಡಿಸಲಿಲ್ಲ.

ಮಾಮಾ ಅವೀನೋ ಉಸಿರು ಹಿಡಿದೇ ಕೂತಿದ್ದರು,
ಬಿಡಿ ಎಂದು ಯಾರೂ ಹೇಳಿರಲಿಲ್ಲ.
ಬಿಟ್ಟು, ಕೇಳಿದರು: "ಹಾಗಾದರೆ ಚಹಾ?"
ಚಹಾ, ಅಮ್ಮಾ. ನಂಬುತ್ತೇವೆ.

ಚೀಟಿ ಬರೆಯಲು ಅಪೊಂಡಿ ಜೇಬು ತಡಕಿದಳು.
ನಾಲ್ಕೂ ಇಲ್ಲ.
ನನ್ನದು ಕೊಟ್ಟೆ. ವಾಪಸು ಬಂದಿಲ್ಲ.