ರುಚಿ ನೋಡುವವಳ ಸಾಕ್ಷಿ

ಕ್ಯೂರಿಂಗ್ ವರ್ಕ್ಸಿನ ಹಿಂದಿನ ಕೋಣೆಯಲ್ಲಿ
ಬೆಳಿಗ್ಗೆ ಹತ್ತಕ್ಕೆ ಹನ್ನೆರಡು ಬಟ್ಟಲು.
ಚಮಚ ಅದ್ದಿ, ಸೊರ್ರೆಂದು ಎಳೆದು,
ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ,
ಬರೆಯುತ್ತೇನೆ: ಹುಳಿ ಹದ, ಮೈ ತೆಳು,
ಕೊನೆಯಲ್ಲಿ ಒದ್ದೆ ಗೋಣಿಯ ವಾಸನೆ.
ಹದಿನಾರು ವರ್ಷದಿಂದ ಇದೇ ಕೆಲಸ.
ಐದು ವರ್ಷದಿಂದ ಒಂದು ಹನಿಯೂ
ಗಂಟಲಿಗೆ ಇಳಿದಿಲ್ಲ.

ಉಗುಳಿದರೆ ಕುಡಿದಂತೆಯೋ, ಕುಡಿಯದಂತೆಯೋ?
ಕೇಳಿದ್ದೆ, ದೀಕ್ಷಾಸ್ನಾನಕ್ಕೆ ಮೊದಲು.
ರಾಜಮಂಡ್ರಿಯ ಹುಡುಗ, ಹತ್ತೊಂಬತ್ತು,
ಎದೆಯ ಕಪ್ಪು ಫಲಕದಲ್ಲಿ ‘ಎಲ್ಡರ್ ಗೊಲ್ಲಪಲ್ಲಿ’.
ಎಲ್ಡರ್ ಅಂದರೆ ಹಿರಿಯ;
ಬೋಳಿಸಲು ಗಡ್ಡವೇ ಇರಲಿಲ್ಲ ಪಾಪ.
ಅವನು ಜೊತೆಗಾರನ ಮುಖ ನೋಡಿದ,
ಜೊತೆಗಾರ ಕಿಟಕಿ ನೋಡಿದ.
“ಪ್ರಾರ್ಥನೆ ಮಾಡಿ ಅಕ್ಕ, ನಿಮಗೇ ತಿಳಿಯುತ್ತೆ.”
ಮಾಡಿದೆ. ಇನ್ನೂ ಮಾಡುತ್ತಿದ್ದೇನೆ.
ಸಂಬಳದ ಹತ್ತರಲ್ಲೊಂದು ಪಾಲು ಲಕೋಟೆಗೆ ಹೋಗುತ್ತದೆ,
ಆ ನೋಟಿಗೂ ಹುರಿದ ಬೀಜದ ಘಮ.

ಅವ್ವ, ಎಸ್ತೇರಮ್ಮ,
ಇದೇ ಅಂಗಳದಲ್ಲಿ ಮೂವತ್ತು ವರ್ಷ ಕರಿಬೀಜ ಆರಿಸಿದವಳು:
“ಸಿಎಸ್‌ಐ ಚರ್ಚಲ್ಲಿ ಏನೇ ಕಮ್ಮಿಯಾಗಿತ್ತು ನಿನಗೆ?
ಆರಾಧನೆ ಮುಗಿದ ಮೇಲೆ ಕಾಫಿಯಾದರೂ ಕೊಡೋರು.”
ಆದರೆ ನೆಂಟರ ನಡುವೆ ನಾನು
ಬಿಸಿನೀರು ಹಿಡಿದು ಕೂತಾಗ
“ಇವಳಿಗೆ ಗ್ಯಾಸ್ಟ್ರಿಕ್ಕು” ಎಂದು
ಸುಳ್ಳು ಹೇಳುವವಳೂ ಅವಳೇ.
ಚಿಕ್ಕಮಗಳೂರು ಒಪ್ಪುವ ಧರ್ಮ, ಗ್ಯಾಸ್ಟ್ರಿಕ್ಕು.

ಉಪ್ಪಳ್ಳಿ ದಾರಿಯಲ್ಲಿ, ಟೈರ್ ಅಂಗಡಿಯ ಮೇಲೆ,
ಬಾಡಿಗೆಯ ಹಾಲು, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ.
ಒಂಬತ್ತು ಜನ ಬಂದರೆ ಹಬ್ಬ.
ಬ್ರೆಡ್ಡು ಅಯ್ಯಂಗಾರ್ ಬೇಕರಿಯದು.
ದ್ರಾಕ್ಷಾರಸವಿಲ್ಲ, ನೀರು,
ಕೆಮ್ಮಿನ ಔಷಧಿಯ ಮುಚ್ಚಳದಷ್ಟು.
ನಾವು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ
ಕೆಳಗೆ ಮುಖ್ತಿಯಾರ್ ಕಂಪ್ರೆಸರ್ ಆರಿಸುತ್ತಾನೆ.
ಯಾರೂ ಅವನನ್ನು ಕೇಳಿಕೊಂಡಿರಲಿಲ್ಲ.

ತಿಂಗಳ ಮೊದಲ ಭಾನುವಾರ ಉಪವಾಸ.
ಹಸಿದ ಹೊಟ್ಟೆಯಲ್ಲಿ ಎದ್ದು ನಿಂತು
ಸಾಕ್ಷಿ ಹೇಳುವ ದಿನ.
ದರ್ಜಿ ಸೊಲೊಮೋನಣ್ಣ: “ನನಗೆ ಗೊತ್ತು.”
ನರ್ಸ್ ಪುಷ್ಪಲೀಲಾ: “ನನಗೆ ಗೊತ್ತು”, ಆಮೇಲೆ ಅಳು.
ನನ್ನ ಸರದಿಗೆ ಮಾತ್ರ
ಹನ್ನೆರಡು ಬಟ್ಟಲ ಗುಟ್ಟು ಬಿಚ್ಚುವ ಈ ನಾಲಿಗೆ
ಅಂಗುಳಕ್ಕೆ ಅಂಟುತ್ತದೆ.

ನಾನು ಕದ್ದು ಪದ್ಯ ಬರೆಯುವವಳು,
ರುಚಿಯ ರಿಜಿಸ್ಟರಿನ ಹಿಂಬದಿಯಲ್ಲಿ.
ಅಲ್ಲಿ ನನ್ನನ್ನು ಸಾಕಿದ ಮಾತು ಬೇರೆ: ಅಂತೆ.
ಕಾಡಿನಲ್ಲಿ ಮಂಡಿಯೂರಿದ ಹುಡುಗನ ಮೇಲೆ
ಬೆಳಕಿನ ಕಂಬ ಇಳಿಯಿತಂತೆ.
ಚಿನ್ನದ ಹಾಳೆಯ ಪುಸ್ತಕ ಗುಡ್ಡದೊಳಗೆ ಕಾದಿತ್ತಂತೆ.
ಅಜ್ಜಿಯೂ ಹೇಳುತ್ತಿದ್ದಳು, ರತ್ನಗಿರಿ ಬೋರೆಯ ಹೊನ್ನಿನ ಕೊಪ್ಪರಿಗೆ
ಅಮಾವಾಸ್ಯೆಯ ರಾತ್ರಿ ಸರಪಳಿ ಎಳೆದುಕೊಂಡು
ಕೆರೆಗೆ ನೀರು ಕುಡಿಯಲು ಹೋಗುತ್ತದಂತೆ.
ಅಂತೆಕಂತೆಯ ಸಂತೆ ಎಂದು ನಕ್ಕವರು ನಗಲಿ.
ಹೂವಿನಂತೆ ಎನ್ನುವಾಗಲೂ ಇದೇ ಅಂತೆ.
ಕೇಳಿದ್ದಕ್ಕೂ ಹೋಲಿಸಿದ್ದಕ್ಕೂ
ಕನ್ನಡ ಇಟ್ಟಿರುವುದು ಒಂದೇ ಬಾಗಿಲು.

ಸತ್ತವರ ಹೆಸರು ಬರೆದುಕೊಡಿ ಎಂದರು,
ಅವರ ಪರವಾಗಿ ಯಾರಾದರೂ ನೀರಿಗಿಳಿಯುತ್ತಾರೆ.
ಮುತ್ತಜ್ಜಿಯನ್ನು ಹುಡುಕಿದೆ.
ಎಸ್ಟೇಟಿನ ಹಳೆಯ ಹಾಜರಿ ಪುಸ್ತಕದಲ್ಲಿ
‘ತಿಮ್ಮನ ಹೆಂಡತಿ, ಹೆಣ್ಣಾಳು, ಅರ್ಧ ದಿನ’.
ಅಷ್ಟೇ.
ಅರ್ಧ ದಿನ ಯಾಕೆ? ಅವತ್ತು ಜ್ವರವೇ, ಹೆರಿಗೆಯೇ?
ಫಾರಮ್ಮಿನಲ್ಲಿ ‘ಹೆಂಡತಿ’ ಹೆಸರಾಗುವುದಿಲ್ಲ.
ಅವ್ವನನ್ನು ಕಾಡಿದೆ.
ಮೊರ ಕೆಳಗಿಟ್ಟು, ಸೂರು ನೋಡಿ ಅಂದಳು:
“ಸಣ್ಣಿ ಅಂತೆ.”

ಈ ಭಾನುವಾರ ಎದ್ದೆ.
ಹೊಟ್ಟೆ ಚುರುಗುಟ್ಟುತ್ತಿತ್ತು. ಕಂಪ್ರೆಸರ್ ಸುಮ್ಮನಿತ್ತು.
“ನನಗೆ ಗೊತ್ತು” ಎಂದು ಶುರುಮಾಡಿ, ನಿಂತೆ.
ಮತ್ತೆ ಶುರುಮಾಡಿದೆ:
ನನ್ನ ಮುತ್ತಜ್ಜಿಯ ಹೆಸರು ಸಣ್ಣಿ ಅಂತೆ.
ಮುಂದೆ ಏನೂ ತೋಚಲಿಲ್ಲ. ಕೂತೆ.
ಎಂಟು ಜನ ಆಮೆನ್ ಅಂದರು,
ಸೊಲೊಮೋನಣ್ಣ ಸ್ವಲ್ಪ ತಡವಾಗಿ.

ಮನೆಗೆ ಬಂದರೆ ಒಲೆಯ ಮೇಲೆ ಡಿಕಾಕ್ಷನ್ ಇಳಿಯುತ್ತಿತ್ತು;
ಮೂಗು ತಾನಾಗಿಯೇ ದರ್ಜೆ ಕಟ್ಟಿತು.
ಅವ್ವ ನನ್ನ ಲೋಟಕ್ಕೆ ಬಿಸಿನೀರು ಬಗ್ಗಿಸುತ್ತ,
“ಸಣ್ಣಿಯೋ ಚೆನ್ನಿಯೋ,
ಸರಿಯಾಗಿ ನೆನಪಿಲ್ಲ ಕಣೇ” ಅಂದಳು.